ಅಟ್ಟದಿಂದ ಇಳಿದು ಬಂದ ಯೇಸು

ಪ್ರೀತಿಯ ಗೆಳೆಯಾ,

ಹೋದ ತಿಂಗಳು ಫೋನ್ ಮಾಡಿದಾಗ ನೀನು ಒಂದು ಮಾತು ಹೇಳಿದೆ. ಅಪ್ಪನ ಕರಣೆ, ತೂಗುಗುಂಡು, ಗೋಡೆ ಉಜ್ಜುವ ಆ ಬೆಣಚುಕಲ್ಲು, ಎಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ, ಸುಣ್ಣದ ಗಾರೆ ಈಗ ಯಾರಿಗೆ ಬೇಕು ಅಂದೆ. ನನಗೆ ಆಗ ಏನು ಹೇಳಬೇಕೋ ತಿಳಿಯಲಿಲ್ಲ. ಸುಮ್ನೆ ಫೋನ್ ಇಟ್ಟೆ. ಮೊನ್ನೆ ಶನಿವಾರ ಇಲ್ಲಿಯ ಒಂದು ಚರ್ಚಿಗೆ ಹೋಗಿದ್ದೆ. ಒಳಗೆ ಕೂತಿದ್ದ ಎರಡು ಗಂಟೆಯೂ ನಿನ್ನದೇ ನೆನಪು. ಅದಕ್ಕೇ ಈ ಪತ್ರ.

ಚರ್ಚಿನ ಹೆಸರು ವೀಸ್‌ಕಿರ್ಶೆ. ಜರ್ಮನ್ ಭಾಷೆಯಲ್ಲಿ ವೀಸೆ ಅಂದರೆ ಹುಲ್ಲುಗಾವಲು. ಹೆಸರಿಗೆ ತಕ್ಕ ಹಾಗೆ ಅದು ನಿಂತಿರುವುದು ಹುಲ್ಲುಗಾವಲಿನ ನಡುವೆಯೇ. ಮ್ಯೂನಿಕ್‌ನಿಂದ ನೈಋತ್ಯಕ್ಕೆ, ಆಲ್ಪ್ಸ್ ಬೆಟ್ಟಗಳ ಬುಡದಲ್ಲಿ, ಶ್ಟೈನ್‌ಗಾಡೆನ್ ಎಂಬ ಊರಿಗೆ ಸೇರಿದ ಪುಟ್ಟ ಹಳ್ಳಿ. ನಾಲ್ಕಾರು ಮನೆ, ಕೊರಳಲ್ಲಿ ಗಂಟೆ ಕಟ್ಟಿಕೊಂಡ ಹಸುಗಳು, ಹಿಂದೆ ಬೆಟ್ಟಸಾಲು. ಹೊರಗಿನಿಂದ ನೋಡಿದರೆ ಚರ್ಚು ಅಷ್ಟೇನೂ ದೊಡ್ಡದು ಅನ್ನಿಸುವುದಿಲ್ಲ. ಬಿಳಿ ಮತ್ತು ತಿಳಿ ಹಳದಿ ಗೋಡೆ, ಮೇಲೆ ದೊಡ್ಡ ಮಾಡು, ಒಂದು ಗೋಪುರ. ದಾರಿ ತಪ್ಪಿ ಬಂದವನು ಇದೊಂದು ದೊಡ್ಡ ತೋಟದ ಮನೆ ಅಂದುಕೊಂಡರೂ ತಪ್ಪಿಲ್ಲ.

ಒಳಗೆ ಕಾಲಿಟ್ಟರೆ ಬೆಳಕು. ಮೊದಲು ಅದೊಂದೇ ಕಾಣುತ್ತದೆ.

ಅದನ್ನು ಆಮೇಲೆ ಹೇಳುತ್ತೇನೆ. ಮೊದಲು ಈ ಚರ್ಚು ಹುಟ್ಟಿದ ಕಥೆ ಕೇಳು. ಈ ಕಥೆ ಶುರುವಾಗುವುದೂ ಅಟ್ಟದಲ್ಲೇ.

1730ರಲ್ಲಿ ಶ್ಟೈನ್‌ಗಾಡೆನ್ ಮಠದ ಸನ್ಯಾಸಿಗಳಿಗೆ ಗುಡ್ ಫ್ರೈಡೇ ಮೆರವಣಿಗೆಗೆ ಯೇಸುವಿನ ಒಂದು ವಿಗ್ರಹ ಬೇಕಾಯಿತು. ಕಂಬಕ್ಕೆ ಕಟ್ಟಿ ಚಾವಟಿಯಿಂದ ಹೊಡೆಸಿಕೊಂಡ ಯೇಸು. ಹೊಸದಾಗಿ ಕೆತ್ತಿಸಲಿಲ್ಲ. ಬೇರೆ ಬೇರೆ ವಿಗ್ರಹಗಳ ಮರದ ಚೂರುಗಳನ್ನು ಜೋಡಿಸಿದರು. ಸಂದುಗಳು ಕಾಣದ ಹಾಗೆ ಬಟ್ಟೆ ಸುತ್ತಿ, ಮೇಲೆ ಬಣ್ಣ ಹಚ್ಚಿದರು. ತಲೆಗೆ ಮನುಷ್ಯರ ಕೂದಲನ್ನೇ ಇಟ್ಟರು. ಕೆಲವು ವರ್ಷ ಅದನ್ನು ಮೆರವಣಿಗೆಯಲ್ಲಿ ಹೊತ್ತರು. ಆದರೆ ಅದರ ಗಾಯ, ರಕ್ತ, ಆ ದೈನ್ಯ ನೋಡುವವರಿಗೆ ಜಾಸ್ತಿಯಾಯಿತು. ಮೆರವಣಿಗೆಯಿಂದ ತೆಗೆದುಬಿಟ್ಟರು. ವಿಗ್ರಹ ಊರಿನ ಒಬ್ಬ ಹೋಟೆಲಿನವನ ಮನೆಯ ಅಟ್ಟ ಸೇರಿತು.

1738ರ ಮೇ ತಿಂಗಳಲ್ಲಿ ಮರಿಯಾ ಲೋರಿ ಎಂಬ ರೈತ ಹೆಂಗಸು ಅದನ್ನು ಕೇಳಿ ತನ್ನ ಮನೆಗೆ ತಂದುಕೊಂಡಳು. ಅವಳ ಹೊಲಮನೆ ಇದ್ದದ್ದು ಈ ವೀಸ್‌ನಲ್ಲಿ. ಜೂನ್ 14ರ ದಿನ ವಿಗ್ರಹದ ಮುಖದ ಮೇಲೆ ಹನಿಗಳನ್ನು ಕಂಡಳು. ಕಣ್ಣೀರು ಅಂದಳು. ಮಠದವರು ಮೊದಲು ಹಿಂದೆಮುಂದೆ ನೋಡಿದರಂತೆ. ಜನ ಕಾಯಲಿಲ್ಲ. ಅಕ್ಕಪಕ್ಕದ ಊರಿನಿಂದ ಬಂದರು, ಆಮೇಲೆ ದೂರ ದೂರದ ದೇಶಗಳಿಂದಲೂ ಬಂದರು. ಒಂದು ಸಣ್ಣ ಪ್ರಾರ್ಥನಾ ಮನೆ ಕಟ್ಟಿದರು. ಅದು ಈಗಲೂ ಇದೆ. ನಮ್ಮೂರ ಬಸ್ ನಿಲ್ದಾಣದ ಪಕ್ಕದ ಗಣಪತಿ ಗುಡಿಯಷ್ಟು ಅಂದುಕೋ. ಬಂದ ಜನಕ್ಕೆ ಅದು ಎಲ್ಲಿ ಸಾಲಬೇಕು?

ಆಗ ಮಠದವರು ದೊಡ್ಡ ಚರ್ಚು ಕಟ್ಟಲು ಕರೆಸಿದ್ದು ಡೊಮಿನಿಕುಸ್ ತ್ಸಿಮ್ಮರ್‌ಮನ್‌ನನ್ನು. ಗೆಳೆಯಾ, ಇಲ್ಲಿ ಸ್ವಲ್ಪ ನಿಂತು ಓದು. ಈತ ಮೊದಲಿಗೆ ಗಾರೆಯವನು. ಹುಟ್ಟಿದ್ದು 1685ರಲ್ಲಿ, ವೆಸ್ಸೊಬ್ರುನ್ ಮಠದ ಹತ್ತಿರದ ಹಳ್ಳಿಯಲ್ಲಿ. ಆ ಸುತ್ತಿನ ಮನೆಮನೆಯಲ್ಲೂ ಗಾರೆಯ ಕುಸುರಿ ಕೆಲಸದವರು. ಅಲ್ಲಿಂದ ಹೊರಟ ನೂರಾರು ಕೈಗಳು ಯುರೋಪಿನ ಅರಮನೆ, ಚರ್ಚುಗಳ ಚಾವಣಿಗೆ ಹೂ ಬಳ್ಳಿ ಹಬ್ಬಿಸಿದವು. ಡೊಮಿನಿಕುಸ್ ಆ ಕೆಲಸದಿಂದಲೇ ಮೇಲೆ ಬಂದು ಕಟ್ಟಡ ಕಟ್ಟಿಸುವವನಾದ. ಅಣ್ಣ ಯೋಹಾನ್ ಬಾಪ್ಟಿಸ್ಟ್ ಚಿತ್ರ ಬರೆಯುವವನು. ಶ್ಟೈನ್‌ಹೌಸೆನ್ ಎಂಬ ಹಳ್ಳಿಯಲ್ಲಿ 1728ರಿಂದ 1733ರವರೆಗೆ ಇಬ್ಬರೂ ಸೇರಿ ಕಟ್ಟಿದ ಚರ್ಚನ್ನು ಜಗತ್ತಿನ ಅತಿ ಚೆಂದದ ಹಳ್ಳಿ ಚರ್ಚು ಅಂತ ಇಲ್ಲಿಯವರು ಈಗಲೂ ಕರೆಯುತ್ತಾರೆ. ವೀಸ್‌ನ ಕೆಲಸ 1745ರಲ್ಲಿ ಶುರುವಾದಾಗ ತಮ್ಮನಿಗೆ ಅರವತ್ತು, ಅಣ್ಣನಿಗೆ ಅರವತ್ತೈದು. ಆ ವಯಸ್ಸಿನಲ್ಲಿ ಸಾರುವೆ ಹತ್ತಿ, ಕತ್ತು ಮೇಲೆ ಮಾಡಿ ಕೆಲಸ! ನಿನ್ನ ಅಪ್ಪ ದೇವಸ್ಥಾನದ ಸಾರುವೆ ಮೇಲೆ ನಿಂತಿರುತ್ತಿದ್ದದ್ದು ಕಣ್ಣಮುಂದೆ ಬಂತು.

ಇನ್ನು ಒಳಗಿನದು. ಜನ ಕೂರುವ ಜಾಗ ಮೊಟ್ಟೆಯಾಕಾರದಲ್ಲಿದೆ. ಮೂಲೆ ಅನ್ನುವುದೇ ಇಲ್ಲ. ಬಿಳಿಯ ಕಂಬಗಳು ಎರಡೆರಡು ಜೊತೆಯಾಗಿ ಸುತ್ತ ನಿಂತಿವೆ. ಅವುಗಳ ಹಿಂದೆ ಪ್ರದಕ್ಷಿಣೆಗೆ ಇದ್ದಂತೆ ಒಂದು ಓಣಿ. ಯಾತ್ರಿಕರು ಸುತ್ತಿ ಬರಲಿ ಅಂತಲೇ ಬಿಟ್ಟದ್ದು. ಕಿಟಕಿಗಳು ಹೊರಗೋಡೆಯಲ್ಲಿವೆ, ಅದೂ ದೊಡ್ಡ ದೊಡ್ಡವು. ಬೆಳಕು ನೇರವಾಗಿ ನಮ್ಮ ಮೇಲೆ ಬೀಳುವುದಿಲ್ಲ. ಮೊದಲು ಕಂಬಕ್ಕೆ ತಾಗಿ, ಬಿಳಿ ಸುಣ್ಣಕ್ಕೆ ತಾಗಿ, ಆಮೇಲೆ ಒಳಗೆ ಹರಡುತ್ತದೆ. ಹೊರಗೆ ಮೋಡ ಸರಿದಾಗ ಒಳಗಿನ ಇಡೀ ಬಿಳಿ ಬಣ್ಣ ಉಸಿರಾಡಿದ ಹಾಗೆ ಬದಲಾಗುತ್ತಿತ್ತು. ನಾನು ಚಾವಣಿಯ ಚಿತ್ರ ಬಿಟ್ಟು ಬರೀ ಆ ಕಂಬಗಳನ್ನೇ ಎಷ್ಟೋ ಹೊತ್ತು ನೋಡಿದೆ.

ಚಾವಣಿ ಇದೆಯಲ್ಲ, ಅದು ಕಲ್ಲಿನದಲ್ಲ. ಇಟ್ಟಿಗೆಯದೂ ಅಲ್ಲ. ಮಾಡಿನ ತೊಲೆಗಳಿಗೆ ಮರದ ಚೌಕಟ್ಟು ಬಿಗಿದು, ರೀಪು ಹೊಡೆದು, ಅದರ ಮೇಲೆ ಗಾರೆ ಬಳಿದಿದ್ದಾರೆ. ಹಗುರ. ಹಗುರ ಇರುವುದರಿಂದಲೇ ಕಂಬಗಳು ಅಷ್ಟು ತೆಳ್ಳಗಿವೆ, ಕಿಟಕಿಗಳು ಅಷ್ಟು ಅಗಲವಾಗಿವೆ. ಕಲ್ಲಿನ ಕಮಾನು ಹಾಕಿದ್ದರೆ ಅದನ್ನು ಹೊರಲು ಆನೆಯಂಥ ಗೋಡೆ ಬೇಕಿತ್ತು, ಈ ಬೆಳಕೇ ಇರುತ್ತಿರಲಿಲ್ಲ. ತ್ಸಿಮ್ಮರ್‌ಮನ್ ಅಂದರೆ ಜರ್ಮನ್‌ನಲ್ಲಿ ಬಡಗಿ ಅಂತ ಅರ್ಥ. ಹೆಸರಿನಲ್ಲಿ ಬಡಗಿ, ಕೈಯಲ್ಲಿ ಗಾರೆ. ಎರಡೂ ಈ ಚಾವಣಿಯಲ್ಲಿ ಕೂಡಿವೆ.

ಆ ಹಸಿ ಸುಣ್ಣದ ಮೇಲೆ ಅಣ್ಣ ಬರೆದದ್ದು ಆಕಾಶ. ಯೇಸು ಕಾಮನಬಿಲ್ಲಿನ ಮೇಲೆ ಕೂತು ತನ್ನ ಗಾಯ ತೋರಿಸುತ್ತಿದ್ದಾನೆ. ಒಂದು ತುದಿಯಲ್ಲಿ ಲೋಕದ ಕೊನೆಯ ದಿನ ಅವನು ಕೂತು ತೀರ್ಪು ಕೊಡುವ ನ್ಯಾಯಪೀಠ, ಅದು ಖಾಲಿ ಇದೆ. ಇನ್ನೊಂದು ತುದಿಯಲ್ಲಿ ಒಂದು ಬಾಗಿಲು, ಅದು ಮುಚ್ಚಿದೆ. ತೀರ್ಪು ಇನ್ನೂ ಶುರುವಾಗಿಲ್ಲ, ಇನ್ನೂ ಸಮಯ ಇದೆ ಅಂತ ಹೇಳುವ ಚಿತ್ರ. ಎಷ್ಟು ಕರುಣೆಯ ಕಲ್ಪನೆ ಅಲ್ವಾ? ಗಾರೆಯ ಸುರುಳಿಗಳು ಎಲ್ಲಿ ಮುಗಿಯುತ್ತವೆ, ಬಣ್ಣ ಎಲ್ಲಿ ಶುರುವಾಗುತ್ತದೆ ಅಂತ ಕೆಳಗಿನಿಂದ ಗೊತ್ತಾಗುವುದಿಲ್ಲ. ಅಣ್ಣನ ಕುಂಚ ನಿಂತಲ್ಲಿ ತಮ್ಮನ ಕರಣೆ ಹೊರಟಿದೆ. ಕಲೆಯ ಇತಿಹಾಸದವರು ಇದನ್ನು ಬರೋಕ್ ಎಂಬ ಅದ್ದೂರಿ ಶೈಲಿಯ ಕಾಲದ ಕೊನೆಯ ಹಂತ, ರೊಕೊಕೊ ಅನ್ನುತ್ತಾರೆ. ಚಿಪ್ಪು, ಅಲೆ, ಎಲೆ, ಯಾವುದರ ಹಾಗೂ ಪೂರ್ತಿ ಇಲ್ಲದ, ಆದರೆ ಎಲ್ಲದರ ಹಾಗೂ ಇರುವ ಸುರುಳಿ. ಪ್ರವಚನ ಪೀಠವಂತೂ ನೊರೆ ಉಕ್ಕಿ ಹಾಗೇ ಗಟ್ಟಿಯಾದಂತಿದೆ.

ಈಗ ನಿನಗೆಂದೇ ಎತ್ತಿಟ್ಟುಕೊಂಡ ವಿಷಯ. ಮುಖ್ಯ ಪೀಠದ ಕಡೆ ಹೋದರೆ ಬಿಳಿ ಹಿಂದಾಗಿ ಬಣ್ಣ ಬರುತ್ತದೆ. ಪೀಠದ ಎರಡೂ ಬದಿ ಕೆಂಪು ಕಂಬಗಳು, ಮೇಲಿನ ಗ್ಯಾಲರಿಯಲ್ಲಿ ನೀಲಿ ಕಂಬಗಳು. ಕೆಂಪು ಯೇಸುವಿನ ರಕ್ತ, ನೀಲಿ ಸ್ವರ್ಗದ ಕೃಪೆ ಅಂತ ಅರ್ಥ ಹೇಳುತ್ತಾರೆ. ನೋಡಿದರೆ ಅಮೃತಶಿಲೆಯೇ ಸರಿ. ಅಲ್ಲ ಮಾರಾಯ! ಅದೂ ಗಾರೆಯ ವಿದ್ಯೆಯೇ. ಜಿಪ್ಸಂ ಪುಡಿಗೆ ಪ್ರಾಣಿಗಳ ಅಂಟಿನ ನೀರು ಹಾಕಿ ನಾದುತ್ತಾರೆ. ಅಂಟು ಇದ್ದರೆ ಜಿಪ್ಸಂ ಬೇಗ ಗಟ್ಟಿಯಾಗುವುದಿಲ್ಲ, ಕೆಲಸಕ್ಕೆ ಪುರುಸೊತ್ತು ಸಿಗುತ್ತದೆ. ಬೇರೆ ಬೇರೆ ಬಣ್ಣದ ಉಂಡೆ ಮಾಡಿ, ಒಂದಕ್ಕೊಂದು ಒತ್ತಿ, ಕತ್ತರಿಸಿ, ಕಂಬಕ್ಕೆ ಮೆತ್ತುತ್ತಾರೆ. ಕಲ್ಲಿನೊಳಗಿನ ನರಗಳ ಹಾಗೆ ಗೆರೆಗಳು ಮೂಡುತ್ತವೆ. ಒಣಗಿದ ಮೇಲೆ ಕಲ್ಲಿನಿಂದ ಉಜ್ಜುವುದು, ತೂತು ಮುಚ್ಚುವುದು, ಮತ್ತೆ ಇನ್ನೂ ನುಣ್ಣಗಿನ ಕಲ್ಲಿನಿಂದ ಉಜ್ಜುವುದು. ದಿನಗಟ್ಟಲೆ. ಕೊನೆಗೆ ಎಣ್ಣೆ, ಮೇಣ. ಆ ಕಾಲದಲ್ಲಿ ಒಳ್ಳೆಯದನ್ನು ನಿಜವಾದ ಅಮೃತಶಿಲೆಗಿಂತ ಹೆಚ್ಚು ಬೆಲೆಗೆ ಮಾಡಿಸುತ್ತಿದ್ದದ್ದೂ ಉಂಟು, ಕೈಕೆಲಸ ಅಷ್ಟು ಹಿಡಿಯುತ್ತಿತ್ತು. ಒಂದು ಕಂಬದ ಹತ್ತಿರ ನಿಂತೆ. ಕಿಟಕಿಯ ನೆರಳು ಅದರಲ್ಲಿ ಕಾಣುತ್ತಿತ್ತು. ನಿಮ್ಮ ಹಳೆ ಮನೆಯ ನಡುಮನೆ ಗೋಡೆಯಲ್ಲಿ ನಾವಿಬ್ಬರೂ ಮುಖ ನೋಡಿಕೊಳ್ಳುತ್ತಿದ್ದೆವಲ್ಲ, ಅದೇ ಹೊಳಪು.

ಉಳಿದ ಸಾಮಾನು ಬೇಗ ಹೇಳುತ್ತೇನೆ. ಕಂಬಗಳ ಮುಂದೆ ಆಂಟೋನ್ ಶ್ಟುರ್ಮ್ ಮಾಡಿದ ನಾಲ್ವರು ಸಂತರ ಬಿಳಿ ವಿಗ್ರಹಗಳಿವೆ. ಹಳೆಯ ಚರ್ಚಿನ ನಾಲ್ವರು ದೊಡ್ಡ ಗುರುಗಳು ಅವರು. ಜೆರೋಮ್‌ನ ಬತ್ತಿದ ಮುಖ ಮನಸ್ಸಿನಲ್ಲಿ ಉಳಿಯುತ್ತದೆ. ಪೀಠದ ಮೇಲಿನ ದೊಡ್ಡ ಚಿತ್ರ ಮ್ಯೂನಿಕ್ ಆಸ್ಥಾನದ ಚಿತ್ರಕಾರ ಬಾಲ್ಟಾಸರ್ ಆಲ್ಬ್ರೆಕ್ಟ್‌ನದು.

ಆ ಚಿತ್ರದ ಕೆಳಗೆ, ಎಲ್ಲದರ ನಡುವೆ, ಅದೇ ಅಟ್ಟದ ವಿಗ್ರಹ. ಸರಪಳಿ ಹಾಕಿಸಿಕೊಂಡು ನಿಂತಿದೆ. ಸುತ್ತ ಇಷ್ಟೊಂದು ಬಂಗಾರ, ಬಣ್ಣ, ಬೆಳಕು. ಎಲ್ಲ ಸಾಲುಗಳೂ, ಎಲ್ಲ ಕಂಬಗಳೂ ಹೋಗಿ ಮುಟ್ಟುವುದು ಚೂರು ಸೇರಿಸಿ ಬಟ್ಟೆ ಸುತ್ತಿದ ಆ ಮರದ ಮೈಗೆ. ನನ್ನ ಮುಂದಿನ ಬೆಂಚಿನಲ್ಲಿ ಒಬ್ಬ ಅಜ್ಜಿ ಅದನ್ನೇ ನೋಡುತ್ತಾ ಕೂತಿದ್ದಳು. ಒಂದು ಸಲವೂ ಚಾವಣಿ ನೋಡಲಿಲ್ಲ.

ಪೀಠದ ಭಾಗ 1749ರಲ್ಲಿ, ಪೂರ್ತಿ ಚರ್ಚು 1754ರಲ್ಲಿ ಮುಗಿಯಿತು. ಖರ್ಚು ಅಂದಾಜು ಮೀರಿ ಮಠ ಸಾಲಕ್ಕೆ ಬಿತ್ತು. 1803ರಲ್ಲಿ ಸರ್ಕಾರ ಮಠಗಳನ್ನೆಲ್ಲ ವಶಕ್ಕೆ ತೆಗೆದುಕೊಂಡಾಗ ಈ ಚರ್ಚನ್ನೂ ಕೆಡವುವ ಮಾತು ಬಂತಂತೆ. ಸುತ್ತಲಿನ ರೈತರು ಪಟ್ಟು ಹಿಡಿದು ಉಳಿಸಿಕೊಂಡರು ಅಂತ ಇಲ್ಲಿಯವರು ಹೇಳುತ್ತಾರೆ. 1983ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. 1985ರಿಂದ 1991ರವರೆಗೆ ಪೂರ್ತಿ ದುರಸ್ತಿ ಮಾಡಿದರು. ಅದಕ್ಕೂ ಗಾರೆಯ ಕೈಗಳೇ ಬೇಕಾದವು.

ಡೊಮಿನಿಕುಸ್ ಕೆಲಸ ಮುಗಿದ ಮೇಲೂ ಹೋಗಲಿಲ್ಲ. ಚರ್ಚಿನ ಪಕ್ಕದಲ್ಲೇ ಮನೆ ಕಟ್ಟಿಕೊಂಡು ಉಳಿದ. 1757ರಲ್ಲಿ ಒಂದು ಸಣ್ಣ ಹರಕೆ ಚಿತ್ರ ಒಪ್ಪಿಸಿದ. ಅದರಲ್ಲಿ ಅವನು ವಿಗ್ರಹದ ಮುಂದೆ ಮಂಡಿಯೂರಿದ್ದಾನೆ. ಹೆಸರಿನ ಜಾಗದಲ್ಲಿ ಬರೀ ಮೊದಲಕ್ಷರಗಳು, ಮತ್ತೆ ವರ್ಷ. ಇಷ್ಟು ದೊಡ್ಡದು ಕಟ್ಟಿದವನು ಉಳಿದ ಭಕ್ತರ ಹಾಗೇ ಒಂದು ಹರಕೆ ಹಲಗೆ ತಂದಿಟ್ಟ. 1766ರಲ್ಲಿ ಇಲ್ಲೇ ತೀರಿಕೊಂಡ.

ಹೊರಗೆ ಬಂದು ಅಂಗಡಿಯಲ್ಲಿ ಬಿಸಿ ಬಿಸಿ ಕ್ಯೂಹ್ಲೆ ತಿಂದೆ. ಹುಳಿ ಬರಿಸಿದ ಹಿಟ್ಟನ್ನು ಕರಿದದ್ದು, ನಮ್ಮ ಬನ್ಸ್‌ಗೆ ದೂರದ ನೆಂಟ. ತಿನ್ನುತ್ತಾ ಲೆಕ್ಕ ಹಾಕುತ್ತಿದ್ದೆ, ನಿನ್ನನ್ನು ಏನೇನು ಕೇಳಬೇಕು ಅಂತ. ನಿನ್ನ ಅಪ್ಪ ಸುಣ್ಣಕ್ಕೆ ಬೆಲ್ಲ, ಅಳಲೆಕಾಯಿ ನೀರು ಹಾಕುತ್ತಿದ್ದದ್ದು ನೆನಪಿದೆ. ಎಷ್ಟು ದಿನ ಕೊಳೆಹಾಕುತ್ತಿದ್ದರು? ಗೋಡೆ ಎಷ್ಟು ಒಣಗಿದ ಮೇಲೆ ಉಜ್ಜಲು ಶುರು ಮಾಡುತ್ತಿದ್ದರು? ನಿನಗೆ ಗೊತ್ತಿರುವುದನ್ನೆಲ್ಲ ಬರಿ. ಹಾಳೆ ಎಷ್ಟಾದರೂ ಆಗಲಿ.

ಮತ್ತೆ ಆ ಬೆಣಚುಕಲ್ಲು. ಅಟ್ಟ ಹತ್ತಿ ಅದರದೊಂದು ಫೋಟೋ ತೆಗೆದು ಕಳಿಸು. ಹೆಬ್ಬೆರಳು ಕೂರುವ ಕಡೆ ಒಂದು ಗುಳಿ ಬಿದ್ದಿತ್ತು ಅಂತ ನನ್ನ ನೆನಪು. ಹೌದೋ ಅಲ್ಲವೋ ನೋಡಿ ಹೇಳು.

ನಿನ್ನ
ಗೆಳೆಯ