ಚುಕ್ಕಿಗೆ ಹೆದರಬೇಡಿ, ‘ಸಿ’ ಅಕ್ಷರ ನೋಡಿಕೊಳ್ಳಿ

ಮಾನ್ಯ ಸಂಪಾದಕರೇ,

ಹೊರದೇಶದಲ್ಲಿ ಹುಟ್ಟುವ ಮಕ್ಕಳಿಗೆ ಹೆಸರಿಡುವ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಬರಹ ಓದಿದೆ. ಹೆಸರು ಚಿಕ್ಕದಾಗಿದ್ದರೆ ಇಂಗ್ಲಿಷ್ ಜನ ಸುಲಭವಾಗಿ ಹೇಳುತ್ತಾರೆ, ಅಷ್ಟು ನೋಡಿಕೊಂಡರೆ ಸಾಕು ಅಂತ ಅದರಲ್ಲಿತ್ತು. ಇದನ್ನು ನಾನು ಒಪ್ಪುವುದಿಲ್ಲ. ನಾನು ಉತ್ತರ ಲಂಡನ್ನಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಚಿಕ್ಕ ಮಕ್ಕಳ ತರಗತಿಯ ಸಹಾಯಕಿ. ಹ್ಯಾರಿಂಗೇ, ಎನ್‌ಫೀಲ್ಡ್, ಹ್ಯಾಕ್ನಿ ಕಡೆ ಟರ್ಕಿಯಿಂದ ಬಂದವರು, ಸೈಪ್ರಸ್‌ನಿಂದ ಬಂದ ಟರ್ಕಿಶ್ ಮನೆಯವರು ತುಂಬಾ ಇದ್ದಾರೆ. ದಿನಾ ಹಾಜರಿ ಕೂಗುವಾಗ ಈ ಹೆಸರುಗಳು ಏನೇನಾಗುತ್ತವೆ ಅಂತ ಹತ್ತಿರದಿಂದ ನೋಡುವವಳು ನಾನು. ಬಸುರಿ ತಾಯಂದಿರು ಗೇಟಿನ ಹತ್ತಿರ ನಿಂತು, ಈ ಹೆಸರು ನಿಮ್ಮ ಟೀಚರ್ ಬಾಯಲ್ಲಿ ಹೇಗೆ ಬರುತ್ತೆ ಅಂತ ಕೇಳುವುದೂ ಉಂಟು. ಅದಕ್ಕೇ ಟರ್ಕಿಶ್ ಹೆಸರುಗಳನ್ನೇ ಹಿಡಿದುಕೊಂಡು ಬರೆಯುತ್ತಿದ್ದೇನೆ.

ಮೊದಲು ಚಿಕ್ಕ ಹೆಸರಿನ ವಿಷಯ. ಸಿ, ಎ, ಎನ್ ಅಂತ ಮೂರೇ ಅಕ್ಷರದ ಒಂದು ಗಂಡು ಹೆಸರಿದೆ. ಟರ್ಕಿಶ್‌ನಲ್ಲಿ ‘ಸಿ’ಯನ್ನು ‘ಜ’ ಅಂತ ಓದುತ್ತಾರೆ, ಹಾಗಾಗಿ ಅದು ‘ಜಾನ್’, ಜೀವ ಅಂತ ಅರ್ಥ. ಇದಕ್ಕಿಂತ ಚಿಕ್ಕ ಹೆಸರು ಎಲ್ಲಿ ಸಿಗುತ್ತೆ? ಆದರೆ ಇಂಗ್ಲಿಷ್ ಓದುವವರಿಗೆ ಅದು ‘ಕ್ಯಾನ್’, ಅಂದರೆ ಡಬ್ಬಿ. ನಮ್ಮ ತರಗತಿಗೆ ಬಂದ ನಾಲ್ಕು ವರ್ಷದ ಹುಡುಗನೊಬ್ಬ ಹಾಜರಿಯಲ್ಲಿ ‘ಕ್ಯಾನ್’ ಅಂತ ಕೂಗಿದಾಗ ತಲೆ ಎತ್ತಿಯೂ ನೋಡಲಿಲ್ಲ. ಕಾರ್ಪೆಟ್ ಮೇಲೆ ಕೂತು ಶೂ ಪಟ್ಟಿ ಎಳೆಯುತ್ತಲೇ ಇದ್ದ. ಟೀಚರ್ ಮೂರನೇ ಸಲ ಸ್ವಲ್ಪ ಜೋರಾಗಿ ಕೂಗಿದಾಗ ಬೇರೆ ಮಕ್ಕಳು ತಿರುಗಿ ನೋಡಿದರು, ಅವನೂ ಅವರ ಜೊತೆ ಯಾರು ಅಂತ ತಿರುಗಿ ನೋಡಿದ. ಅದು ತನ್ನನ್ನೇ ಕರೆದದ್ದು ಅಂತ ಅವನಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ ಅಲ್ವಾ. ಆ ಮಗುವಿಗೆ ಕಿವಿ ಕೇಳಿಸುತ್ತದೆಯೋ ಇಲ್ಲವೋ ನೋಡಬೇಕು ಅಂತ ಒಬ್ಬರು ಟಿಪ್ಪಣಿ ಬರೆದಿಟ್ಟಿದ್ದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಯಿತು.

ಅಪ್ಪ ಅಮ್ಮ ಚಿಂತೆ ಮಾಡುವುದು ಬೇರೆ ಅಕ್ಷರಗಳ ಬಗ್ಗೆ. ಟರ್ಕಿಶ್ ಭಾಷೆ 1928ರಲ್ಲಿ ಅರಬ್ಬಿ ಲಿಪಿ ಬಿಟ್ಟು ಲ್ಯಾಟಿನ್ ಲಿಪಿಗೆ ಬಂತು. ಈಗ 29 ಅಕ್ಷರಗಳಿವೆ. ಅದರಲ್ಲಿ ಕೆಲವಕ್ಕೆ ತಲೆ ಮೇಲೆ ಎರಡು ಚುಕ್ಕಿ, ಕೆಲವಕ್ಕೆ ಕೆಳಗೆ ಚಿಕ್ಕ ಬಾಲ. ಪಾಸ್‌ಪೋರ್ಟಿನಲ್ಲಿ ಯಂತ್ರ ಓದುವ ಕೆಳಗಿನ ಸಾಲುಗಳಲ್ಲಿ ಹೆಸರನ್ನು ಇಂಗ್ಲಿಷಿನ 26 ಅಕ್ಷರಗಳಲ್ಲೇ ಬರೆಯಬೇಕು. ವಿಮಾನದ ಟಿಕೆಟ್ಟೂ ಅಷ್ಟೇ. ಆದ್ದರಿಂದ ಚುಕ್ಕಿ, ಬಾಲ ಇರುವ ಹೆಸರೇ ಬೇಡ ಅಂತ ಎಷ್ಟೋ ಮನೆಗಳಲ್ಲಿ ತೀರ್ಮಾನ ಮಾಡಿಬಿಡುತ್ತಾರೆ. ನನ್ನ ಪ್ರಕಾರ ಇದು ತಲೆಕೆಳಗಾದ ಲೆಕ್ಕ. ಎರಡು ಚುಕ್ಕಿ ಬಿದ್ದುಹೋದರೂ ಹೆಸರು ಸುಮಾರಾಗಿ ಉಳಿಯುತ್ತದೆ. ಲಂಡನ್ನಿನ ಆರ್ಸೆನಲ್ ಫುಟ್‌ಬಾಲ್ ತಂಡಕ್ಕೆ ಆಡಿದ ಮೆಸುತ್ ಓಜಿಲ್ ಹೆಸರನ್ನೇ ನೋಡಿ. ಆ ಮೊದಲ ಸ್ವರ ಇಂಗ್ಲಿಷಿನಲ್ಲಿ ಇಲ್ಲ, ಆದರೂ 2013ರಿಂದ 2021ರವರೆಗೆ ಇಲ್ಲಿನ ಜನ ಆ ಹೆಸರನ್ನು ಬಾಯಿತುಂಬಾ ಕೂಗಿದರು. ಬಾಲವಿರುವ ಅಕ್ಷರವಾದರೆ ಓದುವವರು ಒಂದು ಗಳಿಗೆ ನಿಂತು, ಇದನ್ನು ಹೇಗೆ ಹೇಳೋದು ಅಂತ ಕೇಳುತ್ತಾರೆ. ಕೇಳಿದರೆ ಹೇಳಿಕೊಡಬಹುದು. ಬರೀ ‘ಸಿ’ ಕಂಡರೆ ಯಾರೂ ಕೇಳುವುದಿಲ್ಲ. ತಮಗೆ ಗೊತ್ತು ಅಂದುಕೊಂಡೇ ಓದಿಬಿಡುತ್ತಾರೆ. ತೊಂದರೆ ಇರುವುದು ಅಲ್ಲೇ.

ಬಾಸ್ಕೆಟ್‌ಬಾಲ್ ಆಟಗಾರ ಜೆದಿ ಒಸ್ಮಾನ್ ಹೆಸರು ‘ಸಿ’ಯಿಂದ ಶುರುವಾಗುತ್ತದೆ. ಅಮೆರಿಕದಲ್ಲಿ ಆತ ಆಡತೊಡಗಿದಾಗ ಹೆಸರನ್ನು ಸರಿಯಾಗಿ ಹೇಳಿದರೆ ‘ಸ್ಟಾರ್ ವಾರ್ಸ್’ ಸಿನಿಮಾಗಳಿಂದ ಅವರಿಗೆ ಪರಿಚಯವಿದ್ದ ‘ಜೆಡೈ’ ಪದದ ಹತ್ತಿರ ಬರುತ್ತೆ ಅಂತ ಅಭಿಮಾನಿಗಳಿಗೆ ಗೊತ್ತಾಯಿತು, ಹಾಗಾಗಿ ಬೇಗ ಹಿಡಿದುಕೊಂಡರು. ಎಲ್ಲರಿಗೂ ಇಂಥ ಅದೃಷ್ಟ ಇರುವುದಿಲ್ಲ. ಜೆಮ್, ಜೆರೆನ್, ಜಾನ್ಸು ಇವೆಲ್ಲ ‘ಸಿ’ಯಿಂದಲೇ ಶುರು, ಶಾಲೆಯಲ್ಲಿ ಇವೆಲ್ಲ ‘ಕ’ ಅಥವಾ ‘ಸ’ ಆಗುತ್ತವೆ.

‘ಸಿ’ ಬಿಟ್ಟರೆ ಕೊನೆಯಲ್ಲಿ ಬರುವ ‘ಇ’ ಅಕ್ಷರ. ಟರ್ಕಿಶ್‌ನಲ್ಲಿ ಬರೆದ ಸ್ವರ ಸಾಮಾನ್ಯವಾಗಿ ಬಾಯಲ್ಲೂ ಇರುತ್ತದೆ, ನಮ್ಮ ಹಾಗೆಯೇ. ಇಂಗ್ಲಿಷ್ ಕಣ್ಣಿಗೆ ಕೊನೆಯ ‘ಇ’ ಕಂಡರೆ ನುಂಗಿಬಿಡೋ ಅಭ್ಯಾಸ. ಟ್ಯುಲಿಪ್ ಹೂವಿನ ಹೆಸರು ಲಾಲೆ, ಅದು ‘ಲೇಲ್’ ಆಗುತ್ತದೆ. ಮಿನೆ ಅನ್ನೋ ಹುಡುಗಿ ‘ಮೈನ್’ ಆಗುತ್ತಾಳೆ. ಬೂಸೆ ಅನ್ನೋ ಹೆಸರನ್ನು ‘ಬಸ್’ ಅಂತ ಓದಿದ್ದನ್ನು ಕಿವಿಯಾರೆ ಕೇಳಿದ್ದೇನೆ, ಆ ಹುಡುಗಿಯ ಮುಖ ಕೆಂಪಾಯಿತು. ಎಜೆ ಅನ್ನೋ ಹೆಸರಿಗಂತೂ ಎರಡೂ ಕಷ್ಟ ಒಟ್ಟಿಗೆ. ನಡುವೆ ‘ಸಿ’, ಕೊನೆಗೆ ‘ಇ’. ಎಷ್ಟು ಚಂದದ ಹೆಸರು, ಮೂರೇ ಅಕ್ಷರ, ಆದರೂ ‘ಈಸ್’ ಅಂತಲೋ ‘ಏಸ್’ ಅಂತಲೋ ಓದುತ್ತಾರೆ. ದೆಫ್ನೆ ಮಾತ್ರ ಬಚಾವ್. ಅದು ಗ್ರೀಕ್ ಮೂಲದ ಡ್ಯಾಫ್ನಿಯೇ, ಇಂಗ್ಲಿಷರಿಗೆ ಆ ಹೆಸರು ಮೊದಲೇ ಗೊತ್ತು, ಒಂದು ಸಲ ಹೇಳಿಕೊಟ್ಟರೆ ಮರೆಯುವುದಿಲ್ಲ. ಈಚಿನ ವರ್ಷಗಳಲ್ಲಿ ಟರ್ಕಿಯಲ್ಲೂ ದೆಫ್ನೆ ತುಂಬಾ ಇಡುವ ಹೆಸರು.

ಇನ್ನು ಚುಕ್ಕಿ ಇಲ್ಲದ ‘ಐ’. ಟರ್ಕಿಶ್‌ನಲ್ಲಿ ಚುಕ್ಕಿ ಇರುವ ‘ಐ’ ಒಂದು ಅಕ್ಷರ, ಚುಕ್ಕಿ ಇಲ್ಲದ್ದು ಇನ್ನೊಂದು, ದೊಡ್ಡಕ್ಷರದಲ್ಲೂ ಎರಡೂ ಬೇರೆ ಬೇರೆ. ಲಂಡನ್ನಿನ ಕಂಪ್ಯೂಟರ್‌ಗೆ ಎರಡೂ ಒಂದೇ. ಆ ಸ್ವರ ಇಂಗ್ಲಿಷಿನವರ ಬಾಯಿಗೂ ಬರುವುದಿಲ್ಲ. ಹೆಸರಿನ ಶುರುವಿನಲ್ಲೇ ಅದು ಇದ್ದರೆ ನಾನು ಬೇಡ ಅಂತಲೇ ಹೇಳುತ್ತೇನೆ.

ಅಕ್ಷರ ಸರಿ ಇದ್ದರೂ ಕೆಲವು ಹೆಸರು ಬೇರೆ ಕಡೆ ಸಿಕ್ಕಿಹಾಕಿಕೊಳ್ಳುತ್ತವೆ. ಬೆರ್ಕ್ ಅಂದರೆ ಟರ್ಕಿಶ್‌ನಲ್ಲಿ ಗಟ್ಟಿಗ, ಬ್ರಿಟನ್ನಿನ ಆಡುಮಾತಿನಲ್ಲಿ ಅದೇ ಅಕ್ಷರಗಳು ಪೆದ್ದ ಅನ್ನುವ ಬೈಗುಳ. ತೂನಾ ಅಂದರೆ ಡ್ಯಾನ್ಯೂಬ್ ನದಿ, ಇಲ್ಲಿನ ಮಕ್ಕಳಿಗೆ ಊಟದ ಡಬ್ಬಿಯಲ್ಲಿರುವ ಮೀನು. ಫಾತಿಹ್ ಎಂಬುದು 1453ರಲ್ಲಿ ಇಸ್ತಾಂಬುಲ್ ಗೆದ್ದ ಸುಲ್ತಾನನ ಬಿರುದು, ಆ ಹೆಸರಿನ ಮೊದಲ ಮೂರು ಅಕ್ಷರ ಇಂಗ್ಲಿಷಿನಲ್ಲಿ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಉಫುಕ್ ಅಂದರೆ ದಿಗಂತ, ಅದನ್ನು ಇಂಗ್ಲಿಷ್ ಆಟದ ಮೈದಾನದಲ್ಲಿ ಕೂಗುವ ಹಾಗೇ ಇಲ್ಲ. ಇಂಥ ಹೆಸರು ಅಜ್ಜನದ್ದಾಗಿದ್ದು ಇಡಲೇಬೇಕು ಅಂತಿದ್ದರೆ ಅದಕ್ಕೂ ದಾರಿ ಇದೆ, ಮುಂದೆ ಹೇಳುತ್ತೇನೆ.

ಹಾಗಾದರೆ ಯಾವ ಹೆಸರು ಚೆನ್ನಾಗಿ ನಡೆಯುತ್ತೆ? ನಾನು ಕಂಡಂತೆ ದೆನಿಜ್, ಸೆಲಿನ್, ಲಾರಾ, ಮೆಲಿಸಾ, ಲೆಯ್ಲಾ, ಸುಜಾನ್, ಆಯ್ಲಿನ್ ಇವಕ್ಕೆ ಏನೂ ತೊಂದರೆ ಇಲ್ಲ. ಹುಡುಗರಲ್ಲಿ ಎರೆನ್, ಕೆನಾನ್, ಆದೆಮ್, ತಿಮುರ್, ಕೊರಾಯ್. ದೆನಿಜ್ ಅಂದರೆ ಸಮುದ್ರ, ಹುಡುಗ ಹುಡುಗಿ ಇಬ್ಬರಿಗೂ ಇಡುತ್ತಾರೆ. ಇಲ್ಲಿ ಹುಡುಗನಾದರೆ ಡೆನಿಸ್, ಹುಡುಗಿಯಾದರೆ ಡೆನೀಸ್ ಅಂತ ಅವರವರೇ ಹೊಂದಿಸಿಕೊಳ್ಳುತ್ತಾರೆ, ಹೆಚ್ಚು ಕೆಡುವುದೂ ಇಲ್ಲ. ಆದೆಮ್ ಅನ್ನೋದು ಆಡಮ್ಮೇ, ಯೂಸುಫ್ ಅನ್ನೋದು ಜೋಸೆಫ್, ಮೆರಿಯೆಮ್ ಅನ್ನೋದು ಮೇರಿ. ಈ ಹಳೆಯ ಹೆಸರುಗಳು ಎರಡೂ ಕಡೆಯವರದ್ದು. ಅದಾ ಅನ್ನೋ ಹೆಸರಿನ ಬಗ್ಗೆ ಸ್ವಲ್ಪ ಯೋಚಿಸಿ. ಟರ್ಕಿಶ್‌ನಲ್ಲಿ ಅದು ದ್ವೀಪ, ಇಂಗ್ಲಿಷಿನಲ್ಲಿ ಗಣಿತಜ್ಞೆ ಏಡಾ ಲವ್‌ಲೇಸ್‌ಳಿಂದ ಗೊತ್ತಿರುವ ಹೆಸರು. ಅಕ್ಷರ ಒಂದೇ, ಮನೆಯಲ್ಲಿ ಅದಾ, ಶಾಲೆಯಲ್ಲಿ ಏಡಾ. ಈ ಎರಡು ಉಚ್ಚಾರ ನಿಮಗೆ ಒಪ್ಪಿಗೆಯಾದರೆ ಇಡಿ. ಒಪ್ಪಿಗೆ ಇಲ್ಲದಿದ್ದರೆ ಇಡಬೇಡಿ, ಯಾಕಂದರೆ ತಿದ್ದಿದರೂ ಏಡಾ ಅಂತಲೇ ಕರೆಯುತ್ತಾರೆ.

ಕೆಲವರು ಹೆಸರು ಬದಲಿಸುವ ಬದಲು ಬರೆಯುವ ರೀತಿ ಬದಲಿಸುತ್ತಾರೆ. ಇದು ನನಗೆ ಇಷ್ಟವಾದ ದಾರಿ. ಲೇಖಕಿ ಎಲಿಫ್ ಶಫಾಕ್ ಇಂಗ್ಲಿಷಿನಲ್ಲಿ ‘ಎಸ್’ ಕೆಳಗಿನ ಬಾಲ ತೆಗೆದು ಪಕ್ಕದಲ್ಲಿ ‘ಎಚ್’ ಹಾಕಿಕೊಂಡರು. ಫ್ಯಾಷನ್ ಡಿಸೈನರ್ ಹುಸೇನ್ ಚಲಾಯನ್ ಸೈಪ್ರಸ್ ಟರ್ಕಿಶ್ ಮನೆತನದವರು, ಅವರ ಮನೆಹೆಸರಿನ ಮೂಲ ರೂಪದಲ್ಲಿ ಉಚ್ಚಾರವಿಲ್ಲದ ಮೆತ್ತನೆಯ ‘ಜಿ’ ಇದೆ. ಇಂಗ್ಲಿಷಿನಲ್ಲಿ ಅದನ್ನು ಬಿಟ್ಟು ಮೊದಲಿಗೆ ‘ಸಿಎಚ್’ ಬರೆದುಕೊಂಡರು. ಎರಡರಲ್ಲೂ ಧ್ವನಿ ಉಳಿಯಿತು. ಸೈಪ್ರಸ್ 1960ರವರೆಗೆ ಬ್ರಿಟಿಷರ ಕೈಯಲ್ಲಿತ್ತು, ಅಲ್ಲಿಂದ ಬಂದವರಿಗೆ ಈ ಅಭ್ಯಾಸ ಹಳೆಯದು. ಆಯ್ಶೆಯನ್ನು ‘ಎಚ್’ ಸೇರಿಸಿ ಬರೆಯುವ ಅಜ್ಜಿಯರು ಇಲ್ಲಿ ಎಷ್ಟೋ ಜನ. ಆದರೆ ಒಂದು ಎಚ್ಚರಿಕೆ. ಇಲ್ಲಿನ ಜನನ ಪತ್ರದಲ್ಲಿ ಒಂದು ಬರಹ, ಕಾನ್ಸುಲೇಟಿನಲ್ಲಿ ಮಾಡಿಸಿದ ಟರ್ಕಿಶ್ ದಾಖಲೆಯಲ್ಲಿ ಇನ್ನೊಂದು ಬರಹ ಆದರೆ ಎರಡು ಪಾಸ್‌ಪೋರ್ಟಿನ ಮಗುವಿಗೆ ಮುಂದೆ ಓಡಾಟದಲ್ಲಿ ಕಿರಿಕಿರಿ. ಜಾನ್ ಅನ್ನು ‘ಜೆ’ಯಿಂದ ಬರೆದರಾಯಿತು ಅನ್ನುವವರೂ ಇದ್ದಾರೆ. ಟರ್ಕಿಶ್‌ನಲ್ಲಿ ‘ಜೆ’ ಅಕ್ಷರ ಇದೆ, ಆದರೆ ಅದು ಫ್ರೆಂಚರ ಮೆತ್ತನೆಯ ‘ಜ’. ಇಜ್ಮಿರ್‌ನಲ್ಲಿರುವ ಅಜ್ಜಿ ಓದಿದರೆ ಹೆಸರು ಬೇರೆಯೇ ಆಗುತ್ತದೆ.

ಆ ಅಜ್ಜಿಯನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ನನಗೆ ಬೇಜಾರು ಅದೇ. ಇಂಗ್ಲಿಷರಿಗೆ ಸುಲಭವಾಗಲಿ ಅಂತ ಈಥನ್, ಹೆದರ್ ಅಂತ ಇಟ್ಟರೆ ಟರ್ಕಿಶ್‌ನಲ್ಲಿ ಆ ‘ಟಿಎಚ್’ ಧ್ವನಿಯೇ ಇಲ್ಲ. ಕ್ಯೂ, ಡಬ್ಲ್ಯೂ, ಎಕ್ಸ್ ಅಕ್ಷರಗಳೂ ಇಲ್ಲ. ಇದೇ ಮೂರು ಅಕ್ಷರಗಳ ಕಾರಣಕ್ಕೆ ಟರ್ಕಿಯ ಕುರ್ದಿಶ್ ಮನೆಗಳವರು ಮಕ್ಕಳ ಹೆಸರನ್ನು ತಮ್ಮ ಬರಹದಲ್ಲಿ ದಾಖಲಿಸಲಾಗದೆ ಎಷ್ಟೋ ವರ್ಷ ಒದ್ದಾಡಿದರು, ಅವರಲ್ಲೂ ಬಹಳ ಜನ ಈಗ ಉತ್ತರ ಲಂಡನ್ನಿನಲ್ಲೇ ಇದ್ದಾರೆ. ಹೆಸರಿಡುವಾಗ ಮನೆಯ ಹಿರಿಯರು ಮಗುವಿನ ಕಿವಿಯಲ್ಲಿ ಅಜಾನ್ ಹೇಳಿ, ಹೆಸರನ್ನು ಮೂರು ಸಲ ಉಸುರುವ ಪದ್ಧತಿ ಟರ್ಕಿಯ ಮನೆಗಳಲ್ಲಿದೆ. ಆ ಮೂರು ಸಲವೂ ಅಜ್ಜನ ನಾಲಿಗೆ ತಡವರಿಸಬಾರದು ಅಲ್ವಾ.

ಅಜ್ಜನ ಹೆಸರಿಗೆ ದಾರಿ ಇದೆ ಅಂದೆನಲ್ಲ, ಅದು ‘ಗೊಬೆಕ್ ಅದಿ’. ಹೊಕ್ಕುಳ ಹೆಸರು. ಹೊಕ್ಕುಳ ಬಳ್ಳಿ ಕತ್ತರಿಸುವ ಹೊತ್ತಿಗೆ ಕೊಡುವ ಇನ್ನೊಂದು ಹೆಸರು, ಬಹಳ ಸಲ ಹಿರಿಯರದ್ದೇ. ಇಂಗ್ಲೆಂಡಿನಲ್ಲಿ ಇದು ನಡುಹೆಸರಾಗಿ ಸಲೀಸಾಗಿ ಕೂರುತ್ತದೆ. ಹಾಜರಿಯಲ್ಲಿ ಕೂಗುವ ಮೊದಲ ಹೆಸರು ಎರೆನ್ ಆಗಲಿ, ಒಳಗೆ ಫಾತಿಹ್ ಇರಲಿ, ಉಫುಕ್ ಇರಲಿ. ಶಾಲೆಯ ದಿನಗಳು ಸುಮ್ನೆ ಕಳೆದುಹೋಗುತ್ತವೆ, ದೊಡ್ಡವನಾದ ಮೇಲೆ ಯಾವುದು ಬೇಕೋ ಅದನ್ನು ಅವನೇ ಮುಂದೆ ತಂದುಕೊಳ್ಳಬಹುದು. ಇಂಗ್ಲೆಂಡಿನಲ್ಲಿ ಜನನ ನೋಂದಣಿಗೆ 42 ದಿನ ಸಮಯವಿದೆ. ಆಸ್ಪತ್ರೆಯಲ್ಲೇ ಗಡಿಬಿಡಿ ಮಾಡಿ ಹೆಸರು ಗಟ್ಟಿ ಮಾಡಬೇಕಾಗಿಲ್ಲ. ಆ ದಿನಗಳಲ್ಲಿ ಹೆಸರನ್ನು ಕಾಗದದ ಮೇಲೆ ಬರೆದು, ಟರ್ಕಿಶ್ ಗೊತ್ತಿಲ್ಲದ ನಾಲ್ಕು ಜನಕ್ಕೆ ಕೊಟ್ಟು ಓದಿಸಿ. ಬಾಯಲ್ಲಿ ಹೇಳಿ ಹೇಳಿಸಬೇಡಿ, ಹೇಳಿದ್ದನ್ನು ಎಲ್ಲರೂ ಹೇಳುತ್ತಾರೆ. ಬರೆದದ್ದನ್ನು ಓದಿಸಿದರೆ ಮಾತ್ರ ಮುಂದೆ ಡಾಕ್ಟರ ಬಾಗಿಲಲ್ಲಿ ಏನಂತ ಕೂಗುತ್ತಾರೆ ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದರೂ ಹೆಸರನ್ನು ಪೂರ್ತಿ ಅಡಗಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. ಪ್ರಧಾನಿಯಾಗಿದ್ದ ಬೋರಿಸ್ ಜಾನ್ಸನ್ ಅವರ ಮುತ್ತಜ್ಜ ಅಲಿ ಕೆಮಾಲ್ ಒಟ್ಟೋಮನ್ ಕಾಲದ ಪತ್ರಕರ್ತ. ಅವರ ಮಗ ಒಸ್ಮಾನ್ 1909ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ್ದು, ಇಲ್ಲೇ ತಾಯಿಯ ತಾಯಿಯ ಹತ್ತಿರ ಬೆಳೆದ, ಮೊದಲ ಮಹಾಯುದ್ಧದಲ್ಲಿ ಒಟ್ಟೋಮನ್ನರು ಶತ್ರುಗಳಾದ ಕಾಲಕ್ಕೆ ಆ ಅಜ್ಜಿಯ ಮನೆತನದ ಜಾನ್ಸನ್ ಅನ್ನೇ ಹಿಡಿದು ವಿಲ್ಫ್ರೆಡ್ ಜಾನ್ಸನ್ ಆಗಿಹೋದ. ಆಗ ಅದು ಮಗುವನ್ನು ಕಾಪಾಡಿಕೊಳ್ಳುವ ದಾರಿ ಇದ್ದಿರಬಹುದು. ಈಗ ಅಂಥ ಅಗತ್ಯ ಇಲ್ಲ. ಆದರೂ ಮುಸ್ತಫಾ ಕೆಮಾಲ್ ಇಜ್ಜೆತ್ ಎಂಬ ಲಂಡನ್ ಹುಡುಗ ಲೆಸ್ಟರ್ ಫುಟ್‌ಬಾಲ್ ತಂಡಕ್ಕೆ ಆಡುವಾಗ ‘ಮಜ್ಜಿ’ ಆಗಿದ್ದ, ಟರ್ಕಿ ತಂಡದ ಜೊತೆ 2002ರ ವಿಶ್ವಕಪ್‌ಗೆ ಹೋದಾಗಲೂ ಇಂಗ್ಲಿಷ್ ಪತ್ರಿಕೆಗಳಲ್ಲಿ ಮಜ್ಜಿಯೇ. ಗೆಳೆಯರು ಪ್ರೀತಿಯಿಂದ ಕರೆದರೆ ಸಂತೋಷ. ಟೀಚರ್‌ಗೆ ಕಲಿಯಲು ಸಮಯವಿಲ್ಲ ಅಂತ ಮೊಟಕು ಮಾಡಿದರೆ ಅದು ಬೇರೆ ವಿಷಯ, ಅದಕ್ಕೆ ನಾನು ತರಗತಿಯಲ್ಲೇ ಅಡ್ಡ ಬರುತ್ತೇನೆ.

ಈಗಾಗಲೇ ‘ಸಿ’ಯಿಂದ ಹೆಸರಿಟ್ಟವರು ಕೊರಗಬೇಕಿಲ್ಲ. ಶಾಲೆ ಸೇರಿಸುವ ಫಾರಂಗಳಲ್ಲಿ ಸಾಮಾನ್ಯವಾಗಿ, ಮಗುವನ್ನು ಏನಂತ ಕರೆಯುತ್ತೀರಿ ಅಂತ ಒಂದು ಜಾಗ ಇರುತ್ತದೆ. ಬಹಳ ಜನ ಅಲ್ಲಿ ಮತ್ತೆ ಅದೇ ಹೆಸರನ್ನು ಅದೇ ಅಕ್ಷರದಲ್ಲಿ ಬರೆದು ಕೊಡುತ್ತಾರೆ. ಅಲ್ಲಿ ಇಂಗ್ಲಿಷಿನವರು ಓದುವ ಹಾಗೆ, ಧ್ವನಿ ಬಿಡಿಸಿ ಬರೆಯಿರಿ. ನಮ್ಮ ಹುಡುಗನ ಅಮ್ಮನಿಗೆ ಇದನ್ನು ಹೇಳಿದೆ. ಅವರು ‘ಜೆ, ಎ, ಎಚ್, ಎನ್’ ಅಂತ ದೊಡ್ಡಕ್ಷರದಲ್ಲಿ ಬರೆದು ಕೊಟ್ಟರು. ಟೀಚರ್ ಅದನ್ನು ಹಾಜರಿ ಪಟ್ಟಿಯ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಂಡರು. ರಜೆಯಲ್ಲಿ ಬದಲಿಗೆ ಬರುವ ಟೀಚರ್‌ಗಳಿಗೂ ಆ ಪಟ್ಟಿಯೇ ಸಿಗುತ್ತದೆ, ಹಾಗಾಗಿ ಪೆನ್ಸಿಲ್ ಬೇಡ, ಪೆನ್ನಿನಲ್ಲೇ ಬರೆಯಿಸಿ.

ಇಂತಿ,
ಉತ್ತರ ಲಂಡನ್ನಿನಿಂದ ನಿಮ್ಮ ಓದುಗಿ