ಲೈಕಿಗೆ ಸಿಗದ ಆಲಾಪ

ಮಾನ್ಯರೇ,

ಮಗಳ ಗೆಳತಿಯೊಬ್ಬಳು ಯಮನ್ ರಾಗ ಹಾಡಿ ರೀಲ್ ಹಾಕಿದ್ದಳು. ಲೈಕು 200 ದಾಟಲಿಲ್ಲವೆಂದು ರಾತ್ರಿ ಊಟ ಬಿಟ್ಟಳಂತೆ. ಕಲಿಯತೊಡಗಿ ಇನ್ನೂ ಎರಡೇ ವರ್ಷ! ಗಂಗೂಬಾಯಿ ಹಾನಗಲ್ ಅವರು ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡುತ್ತಿದ್ದರು. ಹಾಗೆಂದು ಮೊಬೈಲನ್ನೇ ಬೈದು ಫಲವಿಲ್ಲ. ಸಣ್ಣ ಊರಿನ ಹುಡುಗಿಗೆ ಬಾಡಿಗೆ ಕೊಡದೆ ಸಿಗುವ ವೇದಿಕೆ ಅದೇ. ಆದರೆ ರಾಗವನ್ನು ನಿಧಾನಕ್ಕೆ ಬಿಡಿಸುವ ಆಲಾಪ ಬಿಟ್ಟು ನೇರ ವೇಗದ ತಾನಕ್ಕೆ ಜಿಗಿಯುವುದನ್ನೂ ಅದು ಕಲಿಸುತ್ತಿದೆ. ಒಂದೊಂದೇ ಸ್ವರ ಹಿಡಿದು ನಿಧಾನಕ್ಕೆ ಅರಳುವ, ಗಂಗೂಬಾಯಿಯವರ ಕಿರಾಣಾ ಘರಾಣೆಯ ಗಾಯನ ಶೈಲಿ 30 ಸೆಕೆಂಡಿಗೆ ಒಗ್ಗೀತೇ? ಹುಬ್ಬಳ್ಳಿ–ಧಾರವಾಡದ ಸಂಗೀತ ಸಂಘಗಳು ತಿಂಗಳಿಗೊಮ್ಮೆ ಕಿರಿಯರಿಗೆ ಅರ್ಧ ಗಂಟೆ ಬಿಟ್ಟುಕೊಡಲಿ. ಎದುರಿಗೆ ಇಪ್ಪತ್ತೇ ಜನ ಕೂತರೂ, ಯಾರು ತಲೆದೂಗಿದರು, ಯಾರು ಆಕಳಿಸಿದರು ಎಂಬುದಾದರೂ ಹಾಡುವವರಿಗೆ ಕಾಣುತ್ತದೆ.

– ಓದುಗ, ಧಾರವಾಡ