ಬಿರುಕು ಕಾದವರಿಗೆ, ಸುಣ್ಣ ತೋಯಿಸಿದವರಿಗೆ

ಬೀದರ್ ಜಿಲ್ಲೆ ಭಾಲ್ಕಿ ತಾಲೂಕಿನ ನಮ್ಮ ಹಳ್ಳಿಯ ಮೆಥೋಡಿಸ್ಟ್ ದೇವಾಲಯದ ರಿಪೇರಿ ಮುಗಿದಿದೆ. ಶಾಲೆಯ ಪಡಸಾಲೆಯಲ್ಲಿ ನಡೆಯುತ್ತಿದ್ದ ಭಾನುವಾರದ ಆರಾಧನೆ ಮತ್ತೆ ಕರಿಕಲ್ಲಿನ ಗೋಡೆಗಳ ಒಳಗೆ ಬಂದಿದೆ. ಹಣ ಕೊಟ್ಟವರ ಹೆಸರು ಬಾಗಿಲ ಪಕ್ಕದ ಹಲಗೆಯ ಮೇಲಿವೆ. ಹಲಗೆಗೆ ಏರದ ಉಪಕಾರಗಳೇ ಹೆಚ್ಚು. ಈ ಬರಹ ಅವಕ್ಕೆ.

ಮೊದಲ ಶರಣು ‘ತಡೀರಿ’ ಅಂದ ಹಿರಿಯ ಗೌಂಡಿಗೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಇಳಿದ ಬಿರುಕಿಗೆ ಸಿಮೆಂಟ್ ತುಂಬಿಬಿಡೋಣ ಎಂಬ ಆತುರ ಎಲ್ಲರದು. ಅವರು ಮಾತ್ರ ಬಿರುಕಿಗೆ ಅಡ್ಡಲಾಗಿ ಬೆರಳಗಲದ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಗಾರೆ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆಸಿದರು. ಮೇ ತಿಂಗಳಲ್ಲಿ ಗಾಜು ಒಡೆಯಿತು; ಬಿರುಕು ಇನ್ನೂ ಅಲುಗುತ್ತಿದೆ ಎಂದರ್ಥ. ಮಳೆ ಹಿಡಿದ ಮೇಲೆ ಬಿರುಕು ತಾನಾಗಿಯೇ ಕಿರಿದಾಯಿತು. ರೋಗ ಗೋಡೆಯದಲ್ಲ, ಬುಡದ ಎರೆಮಣ್ಣಿನದು: ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಮಾಡಿನ ನೀರೆಲ್ಲ ಅದೇ ಮೂಲೆಗೆ ಸುರಿಯುತ್ತಿತ್ತು.

ಗೋಡೆಯ ಸುತ್ತ 3 ಅಡಿ ಅಗಲ, 2 ಅಡಿ ಆಳ ಎರೆ ತೆಗೆದು ಮುರುಮ (ಗರಸು ಮಣ್ಣು) ತುಂಬಿ, ಪದರ ಪದರವಾಗಿ ದಮ್ಮಸು ಮಾಡಿದ ಹುಡುಗರಿಗೆ ವಂದನೆ. ಅಡಿಪಾಯದ ಮಟ್ಟಕ್ಕಿಂತ ಕೆಳಗೆ ಹೋಗದೆ, ಒಮ್ಮೆಗೆ 4 ಅಡಿ ಉದ್ದವನ್ನಷ್ಟೇ ಅಗೆದರು. ಇಡೀ ಬುಡ ಒಟ್ಟಿಗೆ ಬಿಚ್ಚಿದ್ದರೆ ಗೋಡೆಯೇ ಕೂರುತ್ತಿತ್ತು. ಅದರ ಮೇಲೆ ಶಹಾಬಾದ್ ಫರಸಿ ಕಲ್ಲಿನ ಹಾಸು, ಹೊರಕ್ಕೆ ಇಳಿಜಾರು. ಮೂಲೆಯ ಪೈಪು ಈಗ ಹೊರಗಿನ ಗಟಾರಕ್ಕೆ ಬೀಳುತ್ತದೆ.

ಇನ್ನು ಒಳಗೋಡೆ. ಹಿಂದೆ ಯಾರೋ ಸದ್ಭಾವದಿಂದಲೇ ಬಳಿಸಿದ್ದ ಸಿಮೆಂಟ್ ಪ್ಲಾಸ್ಟರ್ ತಟ್ಟಿದರೆ ಟೊಳ್ಳು ಸದ್ದು, ಸಂದಿಯಲ್ಲಿ ಬಿಳಿ ಲೋಣಾ, ಅಂದರೆ ಗೋಡೆ ಕಾರಿದ ಉಪ್ಪು. ಸುಣ್ಣದಲ್ಲಿ ಕಟ್ಟಿದ ಗೋಡೆಗೆ ಸಿಮೆಂಟ್ ಹೊದಿಸಿದರೆ ತೇವ ಹೊರಬರಲು ದಾರಿಯಿಲ್ಲ; ಉಪ್ಪು ಹಿಂದೆಯೇ ಹರಳುಗಟ್ಟಿ ಪ್ಲಾಸ್ಟರನ್ನು ದೂಡುತ್ತದೆ. ಅದನ್ನೆಲ್ಲ ಕೆತ್ತಿ ತೆಗೆದು ಸುಣ್ಣಕ್ಕೇ ಮರಳಬೇಕಾಯಿತು.

ಈ ಕೆಲಸ ನಿಂತದ್ದು ಮಹಿಳಾ ಸಂಘದವರ ಕೈಮೇಲೆ. ಸುಟ್ಟ ಸುಣ್ಣದ ಗಟ್ಟಿಗಳನ್ನು ನೀರಿಗೆ ಹಾಕಬೇಕು, ಗಟ್ಟಿಯ ಮೇಲೆ ನೀರು ಸುರಿಯಬಾರದು. ಸಿಡಿದರೆ ಕಣ್ಣು ಹೋದೀತು. ಕುದಿತ ಇಳಿದ ಮೇಲೆ ಜರಡಿ ಹಿಡಿದು, ಮೇಲೆ ನಾಲ್ಕು ಬೆರಳು ನೀರು ನಿಲ್ಲುವಂತೆ 4 ವಾರ ಇಟ್ಟರು. ಒಂದು ಪಾಲು ಸುಣ್ಣ, ಎರಡು ಮರಳು, ಒಂದು ಸುರ್ಕಿ, ಅಂದರೆ ಇಟ್ಟಿಗೆ ಪುಡಿ. ಕಲಸಲು ಬೆಲ್ಲ, ಅಳಲೆಕಾಯಿ ನೆನೆಸಿದ ನೀರು. ಪ್ರತಿ ಕೋಟು ಅರ್ಧ ಇಂಚು ಮೀರದಂತೆ ಬಳಿದು, ಏಳು ದಿನ ಗೋಣಿತಟ್ಟು ತೋಯಿಸಿ ಇಳಿಬಿಟ್ಟರು. ಹೆಬ್ಬೆರಳ ಉಗುರು ಒತ್ತಿದರೆ ಗುರುತು ಬೀಳದಂತಾದ ಮೇಲೆಯೇ ಮುಂದಿನ ಕೋಟು. ಕೆಲಸವನ್ನು ದೀಪಾವಳಿಯಾದ ಮೇಲೆ ಹಿಡಿದದ್ದು ಸರಿಯಾಯಿತು. ಏಪ್ರಿಲ್ ಬಿಸಿಲಿಗೆ ಸುಣ್ಣ ಬಲಿಯುವ ಮೊದಲೇ ಒಣಗಿ ಸೀಳುತ್ತದೆ.

ದೀಕ್ಷಾಸ್ನಾನದ ದಫ್ತರಗಳನ್ನು ಉಳಿಸಿದವರಿಗೂ ಋಣಿ. ಒದ್ದೆ ಹಾಳೆಗಳನ್ನು ಬಿಸಿಲಿಗೆ ಹಾಕದೆ, ನಡುನಡುವೆ ಒತ್ತುಕಾಗದ ಇಟ್ಟು ನೆರಳಲ್ಲೇ ಆರಿಸಿದರು. ಹಳೆಯ ಪುಟಗಳ ತಲೆಯಲ್ಲಿ ‘ಮೆಥೋಡಿಸ್ಟ್ ಎಪಿಸ್ಕೋಪಲ್’, ಆಮೇಲೆ ‘ದಕ್ಷಿಣ ಏಷ್ಯಾದ ಮೆಥೋಡಿಸ್ಟ್ ಚರ್ಚ್’, 1981ರಿಂದ ‘ಭಾರತದ ಮೆಥೋಡಿಸ್ಟ್ ಚರ್ಚ್’. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ಮಾತ್ರ ಆ ದಫ್ತರ ಗಮನಿಸಿಯೇ ಇಲ್ಲ. ಮಕ್ಕಳು ಹುಟ್ಟುತ್ತಲೇ ಇದ್ದರು.

ಸುಗ್ಗಿ ಹಬ್ಬದ ಹರಾಜಿನಲ್ಲಿ ತೊಗರಿ, ಜೋಳದ ಚೀಲಗಳನ್ನು ಪೇಟೆಯ ದರಕ್ಕಿಂತ ಹೆಚ್ಚು ಕೂಗಿ, ಕೊಂಡದ್ದನ್ನೇ ಮತ್ತೆ ಹರಾಜಿಗೆ ಬಿಟ್ಟ ಅಕ್ಕಪಕ್ಕದ ಲಿಂಗಾಯತ, ಮುಸ್ಲಿಂ ಮನೆಗಳವರೇ, ಫರಸಿಯ ಖರ್ಚು ನೀಗಿದ್ದು ನಿಮ್ಮಿಂದ. ಜನವರಿಯ ಮೊದಲ ಭಾನುವಾರದ ಒಡಂಬಡಿಕೆಯ ಆರಾಧನೆಗೆ, ದೇವರಿಗೆ ಕೊಟ್ಟ ಮಾತನ್ನು ಹೊಸದು ಮಾಡುವ ಆರಾಧನೆಗೆ, ಬನ್ನಿರಿ. ಜಾನ್ ವೆಸ್ಲಿ 1755ರಲ್ಲಿ ಶುರುಮಾಡಿದ ವಾಡಿಕೆ ಅದು. ಹೊಸ ಗೋಡೆಗೆ ಒರಗಿ ಕೂತರೆ ಬೆನ್ನಿಗೆ ಸುಣ್ಣ ಹತ್ತೀತು, ನೋಡಿಕೊಳ್ಳಿ.

ಇನ್ನೂ ಒಂದು ಡ್ರಮ್ ಸುಣ್ಣ ಉಳಿದಿದೆ. ಮನೆಗೋಡೆಗೆ ಬೇಕಾದವರು ಕೊಡ ತಂದು ಒಯ್ಯಿರಿ. ತೆಗೆದ ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸುವುದನ್ನು ಮರೆಯಬೇಡಿ.